ರೆಸಿನ್‌ಗೆ ಕನ್ನಡಿಯಂಥ ಹೊಳಪು ಬರಬೇಕಾದರೆ

ರೆಸಿನ್ (ಅಚ್ಚಿಗೆ ಹೊಯ್ದು ಗಟ್ಟಿ ಮಾಡುವ ಅಂಟುದ್ರವ) ಬಳಸಿ ಕೈಯಾರೆ ಮಾಡಿದ ಪೆಂಡೆಂಟೋ ಕೀಚೈನೋ ಮಂಕಾಗಿ ಕಂಡರೆ, ಯಾವ ಪಾಲಿಶ್ ಹಚ್ಚಲಿ ಅಂತ ಎಲ್ಲರೂ ಕೇಳುತ್ತಾರೆ. ಪಾಲಿಶ್ ಕೊನೆಯ ಕೆಲಸ. ಹೊಳಪು ಬರುವುದು ಅದಕ್ಕೂ ಮುಂಚೆ, ಸರಿಯಾಗಿ ಉಜ್ಜುವುದರಲ್ಲಿ.

ಆದರೆ ಉಜ್ಜಲು ಆತುರ ಬೇಡ. ಎಪಾಕ್ಸಿ ರೆಸಿನ್ 24 ಗಂಟೆಯಲ್ಲಿ ಮುಟ್ಟಲು ಗಟ್ಟಿಯಾಗಿರುತ್ತದೆ, ಅಷ್ಟೆ. ಪೂರ್ತಿ ಗಡಸಾಗಲು ಸಾಮಾನ್ಯವಾಗಿ 72 ಗಂಟೆ ಬೇಕು, ಚಳಿಯಿದ್ದರೆ ಇನ್ನೂ ಜಾಸ್ತಿ. ಉಗುರು ಒತ್ತಿದಾಗ ಗುರುತು ಬಿದ್ದರೆ ಹಾಗೇ ಬಿಡಿ. ಹಾರ್ಡ್‌ನರ್ (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಅಳತೆ ತಪ್ಪಿ ಅಂಟಂಟಾಗಿಯೇ ಉಳಿದಿದ್ದಕ್ಕೆ ಯಾವ ಪಾಲಿಶೂ ಹಿಡಿಯುವುದಿಲ್ಲ.

ಉಜ್ಜಲು ವಾಟರ್ ಪೇಪರ್, ಅಂದರೆ ಒದ್ದೆ ಮಾಡಿ ಬಳಸುವ ಸ್ಯಾಂಡ್ ಪೇಪರ್ ತನ್ನಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಪೇಪರನ್ನೂ ರೆಸಿನ್ನನ್ನೂ ಒದ್ದೆ ಮಾಡಿಕೊಂಡೇ ಉಜ್ಜಿ. ಒಣಗಿದ್ದನ್ನು ಉಜ್ಜಿದರೆ ಬಿಸಿಯಾಗಿ ರೆಸಿನ್ ಮೆತ್ತಗಾಗುತ್ತದೆ, ಮೇಲಾಗಿ ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆಯಾಗಿದ್ದರೂ ಮಾಸ್ಕ್ ಹಾಕಿಕೊಳ್ಳಿ, ನಿಮ್ಮ ಆರೋಗ್ಯ ಮುಖ್ಯ.

ಪೇಪರಿನ ನಂಬರ್ ಹೆಚ್ಚಿದಷ್ಟೂ ಅದು ನಯ. 400ನೇ ನಂಬರಿನಿಂದ ಶುರು ಮಾಡಿ 600, 800, 1000, 1500, 2000 ಅಂತ ಹೋಗಿ. ಸಾಧ್ಯವಾದರೆ 3000ವರೆಗೂ. ನಡುವೆ ಒಂದನ್ನೂ ಬಿಡಬೇಡಿ. 400ರ ಗೀರನ್ನು 1500 ಅಳಿಸಲಾರದು, ಸುಮ್ನೆ ಅದರ ಸುತ್ತ ನುಣುಪು ಮಾಡುತ್ತದೆ. ಆಗ ಆ ಗೀರು ಇನ್ನೂ ಎದ್ದು ಕಾಣುತ್ತದೆ. ಒಂದು ನಂಬರಿನಲ್ಲಿ ಉದ್ದಕ್ಕೆ ಉಜ್ಜಿದರೆ, ಮುಂದಿನದರಲ್ಲಿ ಅಡ್ಡಕ್ಕೆ ಉಜ್ಜಿ. ಹಳೆಯ ಉದ್ದ ಗೀರುಗಳೆಲ್ಲ ಹೋದವು ಅಂದರೆ ಆ ನಂಬರಿನ ಕೆಲಸ ಮುಗಿಯಿತು. ಪ್ರತಿ ಸಲ ಬಟ್ಟಲಿನ ನೀರು ಬದಲಿಸಿ, ರೆಸಿನ್ ತೊಳೆಯಿರಿ. ಒರಟು ಪೇಪರಿನ ಒಂದು ಕಾಳು ಉಳಿದುಬಿಟ್ಟರೂ ಹೊಸ ಗೀರು ಬೀಳುತ್ತದೆ.

ಒಂದು ಮಾತು ಮರೆಯಬೇಡಿ. ಒದ್ದೆ ರೆಸಿನ್ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ, ನೀರು ಗೀರುಗಳನ್ನು ತುಂಬಿರುತ್ತದೆ ಅಲ್ವಾ. ಒರೆಸಿ, ಒಣಗಿಸಿ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಉಜ್ಜುವಾಗ ಗುಳ್ಳೆ ಒಡೆದು ತೂತು ಕಂಡರೆ ಕಡ್ಡಿಯ ತುದಿಯಲ್ಲಿ ಒಂದು ಹನಿ ರೆಸಿನ್ ತುಂಬಿ, ಗಟ್ಟಿಯಾದ ಮೇಲೆ ಆ ಜಾಗವನ್ನು ಮತ್ತೆ ಉಜ್ಜಿ. ಹಾಗೇ ಬಿಟ್ಟರೆ ಪಾಲಿಶ್ ಪೇಸ್ಟ್ ಒಳಗೆ ಕೂತು ಬಿಳಿ ಚುಕ್ಕೆಯಾಗುತ್ತದೆ.

ಈಗ ಪಾಲಿಶ್. ಕಾರಿನ ಬಣ್ಣಕ್ಕೆ ಹಚ್ಚುವ ನಯವಾದ ಪಾಲಿಶಿಂಗ್ ಕಾಂಪೌಂಡ್ ಸಾಕು. ಮೆತ್ತನೆ ಬಟ್ಟೆಗೆ ಚೂರೇ ಹಾಕಿ ದುಂಡಗೆ ತಿಕ್ಕಿ, ಬೇರೆ ಬಟ್ಟೆಯಲ್ಲಿ ಒರೆಸಿ. ಮೆಷಿನ್ ಇದ್ದರೆ ನಿಧಾನ ವೇಗದಲ್ಲಿ ಓಡಿಸಿ, ಒಂದೇ ಕಡೆ ನಿಲ್ಲಿಸಬೇಡಿ.

ಕೆತ್ತನೆ, ಸಂದುಗೊಂದು ಇರುವ ವಸ್ತುವಿಗೆ ಇಷ್ಟೆಲ್ಲ ಉಜ್ಜಲು ಆಗುವುದಿಲ್ಲ. ಅದನ್ನು 400ರಲ್ಲಿ ಹಗುರಾಗಿ ಉಜ್ಜಿ, ತೊಳೆದು ಒಣಗಿಸಿ, ತೆಳುವಾಗಿ ಇನ್ನೊಂದು ಪದರ ರೆಸಿನ್ ಹಚ್ಚಿ. ಬೆರಳಿನ ಎಣ್ಣೆ ತಾಗಿದ ಕಡೆ ರೆಸಿನ್ ಹರಡದೆ ಗುಳಿ ಬೀಳುತ್ತದೆ. ಗ್ಲೌಸ್ ಹಾಕಿಯೇ ಹಿಡಿಯಿರಿ, ಒಣಗುವವರೆಗೂ ಧೂಳು ಬೀಳದಂತೆ ಅದರ ಮೇಲೆ ಒಂದು ಡಬ್ಬಿ ಕವುಚಿಡಿ.