ಫ್ರಂಟ್ ಲಿವರ್‌ನಲ್ಲಿ ಸೊಂಟ ಕುಸಿಯುವುದು ನಿಂತ ಬಗೆ

ಮುಂಬಯಿಯ ಮಾಟುಂಗದ ವ್ಯಾಯಾಮಶಾಲೆಯಲ್ಲಿ ಅಡ್ಡಕಂಬಿಗೆ (ಬಾರ್) ಜೋತು, ಮುಖ ಮೇಲಾಗಿ, ಇಡೀ ದೇಹವನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿಯುವ ಫ್ರಂಟ್ ಲಿವರ್ ಅಭ್ಯಾಸ ಮಾಡುವಾಗ, ಕಾಲು ಚಾಚಿದ ಕೂಡಲೇ ನನ್ನ ಸೊಂಟ ಕುಸಿಯುತ್ತಿತ್ತು. ಹೊಟ್ಟೆಯ ಬಲ ಸಾಲದೆಂದು ಜೊತೆಯವರು ಹೇಳಿದರು. ಆದರೆ ಈ ಭಂಗಿಯಲ್ಲಿ ತೋಳನ್ನು ನೇರವಾಗಿಟ್ಟು ದೇಹದ ಭಾರವನ್ನು ತಡೆಯುವ ಮುಖ್ಯ ಕೆಲಸ ಬೆನ್ನಿನ ಲ್ಯಾಟ್ ಸ್ನಾಯುಗಳದ್ದು. ಆದ್ದರಿಂದ ಮಂಡಿಗಳನ್ನು ಎದೆಗೆ ಮಡಚುವ ಟಕ್ ಭಂಗಿಗೆ ಮರಳಿ, ಮೊಣಕೈ ಬಗ್ಗಿಸದೆ, ಹೆಗಲ ಮೂಳೆಗಳನ್ನು ಸೊಂಟದ ಕಡೆಗೆ ಎಳೆದು, ಬಾರನ್ನು ತೊಡೆಯತ್ತ ಒತ್ತುವುದನ್ನೇ ರೂಢಿಸಿಕೊಂಡೆ. 10 ಸೆಕೆಂಡು ಅಲುಗದೆ ನಿಲ್ಲುವಂತಾದ ಮೇಲೆ ಬೆನ್ನನ್ನು ಸಮತಟ್ಟಾಗಿಸಿ, ಅನಂತರ ಒಂದೊಂದೇ ಕಾಲನ್ನು ಚಾಚಿದೆ. ಮುಂಬಯಿಯ ಮಳೆಗಾಲದಲ್ಲಿ ಅಂಗೈ ಬೆವರುವುದರಿಂದ ಚಾಕ್ ಪುಡಿ ಬೇಕೇ ಬೇಕು. ಪೃಷ್ಠವನ್ನು ಬಿಗಿಹಿಡಿದರೆ ಈಗ ಎರಡೂ ಕಾಲು ಚಾಚಿದಾಗ ಸೊಂಟ ಭುಜದ ಮಟ್ಟದಲ್ಲೇ ನಿಲ್ಲುತ್ತದೆ.