ಆಷಾಢದಲ್ಲೂ ನಿಲ್ಲದ ಪಿಂಚಣಿ: ನನ್ನ ಅನುಭವ

ದಾವಣಗೆರೆ ಮಂಡಿಪೇಟೆಯಲ್ಲಿ ನನ್ನದು ಬಟ್ಟೆ ಅಂಗಡಿ. ಮದುವೆ ಸೀಸನ್‌ನಲ್ಲಿ ಊಟಕ್ಕೂ ಪುರಸೊತ್ತಿಲ್ಲ, ಆಷಾಢ ಬಂತೆಂದರೆ ನೊಣ ಹೊಡೆಯೋದೇ ಕೆಲಸ. ಹಾಗಾಗಿ ಪಿಂಚಣಿ ಪ್ಲಾನ್ ಹುಡುಕುವಾಗ ಲಾಭ ಎಷ್ಟು ಅಂತ ಆಮೇಲೆ ಕೇಳಿದೆ. ಎರಡು ತಿಂಗಳು ಕಟ್ಟದಿದ್ದರೆ ಏನಾಗುತ್ತೆ ಅನ್ನೋದು ಮೊದಲ ಪ್ರಶ್ನೆ.

ಪರಿಚಯದ ಇನ್ಶೂರೆನ್ಸ್ ಏಜೆಂಟ್ ಒಬ್ಬರು ವರ್ಷಕ್ಕೆ ಒಂದು ಲಕ್ಷದ ಪ್ಲಾನ್ ತಂದಿದ್ದರು. "ಮಧ್ಯದಲ್ಲಿ ನಿಲ್ಲಿಸಿದ್ರೆ?" ಅಂದೆ. "ಯಾಕ್ ನಿಲ್ಲಿಸ್ತೀರಣ್ಣ, ಅಂಗಡಿ ಚೆನ್ನಾಗೇ ನಡೀತಿದೆಯಲ್ಲ" ಅಂದರು. ಉತ್ತರ ಸಿಕ್ಕಿತು, ಅಲ್ವಾ?

ನಾನು ಎನ್‌ಪಿಎಸ್, ಅಂದರೆ ಸರ್ಕಾರದ ರಾಷ್ಟ್ರೀಯ ಪಿಂಚಣಿ ಯೋಜನೆ ಹಿಡಿದೆ. ಇದು ಸರ್ಕಾರಿ ನೌಕರರದ್ದು ಅಂತ ಈಗಲೂ ಎಷ್ಟೋ ಜನ ಅಂದುಕೊಂಡಿದ್ದಾರೆ. 2009ರಿಂದಲೇ ಎಲ್ಲರೂ ಸೇರಬಹುದು. ಟಿಯರ್-1 ಅನ್ನೋ ಮುಖ್ಯ ಪಿಂಚಣಿ ಖಾತೆಗೆ ವರ್ಷಕ್ಕೆ ಕನಿಷ್ಠ 1,000 ರೂಪಾಯಿ ಹಾಕಿದರೆ ಸಾಕು, ಯಾವ ತಿಂಗಳು ಎಷ್ಟು ಅನ್ನೋದು ನಮ್ಮಿಷ್ಟ. ಮೇ ತಿಂಗಳಲ್ಲಿ ಜಾಸ್ತಿ ಹಾಕುತ್ತೇನೆ, ಆಷಾಢದಲ್ಲಿ ಸುಮ್ನಿರುತ್ತೇನೆ.

ಖಾತೆ ತೆರೆದದ್ದು ಮೊಬೈಲ್‌ನಲ್ಲೇ. ಸಿಕ್ಕಿಹಾಕಿಕೊಂಡದ್ದು ಹೆಸರಿನಲ್ಲಿ. ಆಧಾರ್‌ನಲ್ಲಿ ಬರೀ ಇನಿಷಿಯಲ್, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ. ನಮ್ಮ ಕಡೆಯವರಿಗೆ ಇದು ಇದ್ದದ್ದೇ. ಮೊದಲು ಅದನ್ನು ಸರಿಮಾಡಿಸಿ, ಆಮೇಲೆ ಕೂತುಕೊಳ್ಳಿ. ದುಡ್ಡು ಎಲ್ಲಿ ಹೂಡಬೇಕು ಅಂದಾಗ ವಯಸ್ಸಿಗೆ ತಕ್ಕಂತೆ ಹೂಡಿಕೆ ತಾನಾಗೇ ಬದಲಾಗುವ ಆಟೋ ಚಾಯ್ಸ್‌ನಲ್ಲಿ ಎಲ್‌ಸಿ-50 ಅನ್ನೋ ಆಯ್ಕೆ ಒತ್ತಿದೆ. ಅದರಲ್ಲಿ 35 ವರ್ಷದವರೆಗೆ ಷೇರಿನ ಪಾಲು ಶೇ. 50, ಆಮೇಲೆ ವರ್ಷಕ್ಕೆ ಎರಡರಂತೆ ಇಳಿದು 55ಕ್ಕೆ ಶೇ. 10. ನನಗೆ ಆಗ 42, ಅಂದರೆ ಶೇ. 36. ದಿನಾ ಷೇರು ಪೇಟೆ ನೋಡುವ ತಲೆನೋವು ಬೇಡ.

ಹೆಂಡತಿ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಅವಳಿಗೆ ಬ್ಯಾಂಕಿನಲ್ಲಿ ಅಟಲ್ ಪಿಂಚಣಿ ಮಾಡಿಸಿದೆ. 40 ದಾಟಿದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ ಅದು ಸಿಗುವುದಿಲ್ಲ. 35ಕ್ಕೆ ಸೇರಿದ ಅವಳು 60ರ ನಂತರ ತಿಂಗಳಿಗೆ 5,000 ಪಡೆಯಲು ಈಗ ತಿಂಗಳಿಗೆ 902 ಕಟ್ಟಬೇಕು. ಅದೇ 5,000ಕ್ಕೆ 18ರಲ್ಲಿ ಸೇರುವವರು ಕಟ್ಟೋದು 210! ಈ ಲೆಕ್ಕ ತೋರಿಸಿಯೇ ಅಂಗಡಿ ಹುಡುಗನನ್ನೂ ಸೇರಿಸಿದೆ. ಇದರಲ್ಲಿ ಮಾತ್ರ ಕಂತು ತಪ್ಪಿದರೆ ದಂಡ ಬೀಳುತ್ತೆ, ಖಾತೆಯಲ್ಲಿ ದುಡ್ಡಿರಬೇಕು.

ತೆರಿಗೆ ಉಳಿಸೋಕೆ ಎನ್‌ಪಿಎಸ್ ಅನ್ನುವವರು ಒಂದು ನೋಡಿಕೊಳ್ಳಿ. 50,000ದ ಹೆಚ್ಚುವರಿ ವಿನಾಯಿತಿ ಇರೋದು ಹಳೇ ತೆರಿಗೆ ಪದ್ಧತಿಯಲ್ಲಿ. ನಮ್ಮ ಆಡಿಟರ್ ನನ್ನನ್ನು ಹೊಸದಕ್ಕೆ ಹಾಕಿದ್ದಾರೆ, ನನಗೆ ಅದಿಲ್ಲ. ಮೊತ್ತ ದೊಡ್ಡದಾದರೆ 60ಕ್ಕೆ ಎಲ್ಲವೂ ಕೈಗೆ ಬರುವುದಿಲ್ಲ. ಒಂದು ಪಾಲಿಗೆ ಆನ್ಯುಟಿ, ಅಂದರೆ ವಿಮಾ ಕಂಪನಿಯ ಪಿಂಚಣಿ ಪ್ಲಾನ್ ಕೊಳ್ಳಬೇಕು, ತಿಂಗಳ ಪಿಂಚಣಿ ಬರೋದು ಅದರಿಂದ, ಅದಕ್ಕೆ ತೆರಿಗೆಯೂ ಇದೆ. ಮಧ್ಯದಲ್ಲಿ ತೆಗೆಯೋದಕ್ಕೂ ನಿಯಮ ಬಿಗಿ. ಅದಕ್ಕೇ ಮಗಳ ಕಾಲೇಜಿಗೆ ಅಂತ ಹಾಕಿದ್ದ ಚೀಟಿ ನಿಲ್ಲಿಸಿಲ್ಲ, ಅದು ಬೇರೆ ನಡೀತಿದೆ.