ನಿಮ್ಮ ಕುದುರೆ ಒದ್ದರೆ ಖರ್ಚು ಯಾರದು?

ಹಲವರ ಕುದುರೆಗಳನ್ನು ಒಂದೇ ಬಯಲಿಗೆ ಬಿಟ್ಟರೆ ಒಂದಲ್ಲ ಒಂದು ದಿನ ಒದೆತ ಬಿದ್ದೇ ಬೀಳುತ್ತದೆ. ಬಿದ್ದ ಕೂಡಲೇ ಲಾಯದಲ್ಲಿ ಕೇಳುವ ಮೊದಲ ಮಾತು, ‘ಯಾರ ಕುದುರೆ ಒದ್ದಿದ್ದು?’ ಅದರ ಬೆನ್ನಿಗೇ ಎರಡನೆಯದು, ‘ಹಾಗಾದ್ರೆ ದುಡ್ಡು ಅವರೇ ಕೊಡ್ಲಿ.’ ಕಾನೂನಿನ ಲೆಕ್ಕ ಇಷ್ಟು ಸಲೀಸಲ್ಲ. ಅದು ಒದೆಯುವ ಕುದುರೆ ಎಂದು ಯಾರಿಗೆ ಗೊತ್ತಿತ್ತು, ಎರಡನ್ನೂ ಒಟ್ಟಿಗೆ ಬಿಟ್ಟವರು ಯಾರು ಎಂಬುದರ ಮೇಲೆ ಹೊಣೆ ನಿಂತಿದೆ. ಈ ಎರಡು ಪ್ರಶ್ನೆಗೆ ಉತ್ತರ ಸಿಗುವುದು ಗಾಯವಾದ ಮೊದಲ ದಿನವೇ. ಆಮೇಲೆ ಎಲ್ಲರ ನೆನಪೂ ತಮತಮಗೆ ಬೇಕಾದ ಹಾಗೆ ತಿರುಗಿಕೊಳ್ಳುತ್ತದೆ.

ತುಮಕೂರು ಜಿಲ್ಲೆಗೆ ಕುದುರೆ ಹೊಸ ಪ್ರಾಣಿಯಲ್ಲ. ಕುಣಿಗಲ್ ಸ್ಟಡ್ ಫಾರಂ ಹೆಸರು ರೇಸ್ ಬಲ್ಲವರಿಗೆಲ್ಲ ಗೊತ್ತು. ಅಲ್ಲಿಯ ವ್ಯವಸ್ಥೆ ಬೇರೆ, ಇಲ್ಲಿ ಹೇಳುತ್ತಿರುವುದು ಸಣ್ಣ ಲಾಯಗಳ ವಿಚಾರ. ತೆಂಗಿನ ತೋಟದ ಮಗ್ಗುಲಲ್ಲಿ ಶೀಟು ಹೊದಿಸಿದ ನಾಲ್ಕೈದು ಅಂಕಣ, ಮುಂದೆ ಬೇಲಿ ಹಾಕಿದ ಒಂದಿಷ್ಟು ಬಯಲು, ನೋಡಿಕೊಳ್ಳಲು ಒಬ್ಬ ಸೈಸ್. ಒಂದು ಕುದುರೆ ಮದುವೆ ಮೆರವಣಿಗೆಗೆ ಹೋಗುವಂಥದ್ದು. ಇನ್ನೊಂದನ್ನು ಮಗಳು ಸವಾರಿ ಕಲಿಯಲೆಂದು ಅಪ್ಪ ಕೊಂಡಿದ್ದಾರೆ. ಮತ್ತೊಂದು ರೇಸ್ ಬಿಟ್ಟು ಬಂದದ್ದು.

ಹೆಬ್ಬೂರು ಕಡೆಯ ಇಂಥದೊಂದು ಲಾಯ ಎಂದಿಟ್ಟುಕೊಳ್ಳೋಣ. ಬೆಳಿಗ್ಗೆ ಹುರುಳಿ ಇಡುವ ಹೊತ್ತಿಗೆ ರೇಸ್ ಕುದುರೆ ಹಿಂಗಾಲು ಝಾಡಿಸಿದೆ, ಮದುವೆ ಕುದುರೆಯ ಹಿಂಗಾಲಿಗೆ ಏಟು ಬಿದ್ದಿದೆ. ಈಗ ಏನು ಮಾಡಬೇಕು?

ಹಂತ 1: ಜಗಳ ಆಮೇಲೆ, ಡಾಕ್ಟರ್ ಮೊದಲು

ಎರಡು ಕುದುರೆಗಳ ನಡುವೆ ನುಗ್ಗಬೇಡಿ. ಬಕೆಟ್‌ನಲ್ಲಿ ಹುರುಳಿ ಅಲ್ಲಾಡಿಸಿ ಒಂದನ್ನು ಗೇಟಿನ ಕಡೆ ಕರೆದುಕೊಳ್ಳಿ, ಪಕ್ಕದಿಂದ ಹೋಗಿ ಹಗ್ಗ ಹಾಕಿ. ರಕ್ತ ಸುರಿಯುತ್ತಿದ್ದರೆ ಮಡಚಿದ ಶುಭ್ರ ಬಟ್ಟೆಯನ್ನು ಗಾಯದ ಮೇಲೆ ಒತ್ತಿ ಹಿಡಿಯಿರಿ. ನಿಂತಿತಾ ಎಂದು ನಿಮಿಷಕ್ಕೊಮ್ಮೆ ತೆಗೆದು ನೋಡುವ ಚಪಲ ಬೇಡ. ಗಾಯ ತೊಳೆಯಲು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಸಾಕು. ಅರಿಶಿನ, ಕಾಫಿ ಪುಡಿ, ಬೇವಿನ ಎಣ್ಣೆ ಯಾವುದೂ ಬೇಡ. ಡಾಕ್ಟರ್ ಬಂದಾಗ ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ, ಗಾಯದ ಆಳವೂ ಕಾಣದೆ ಹೋಗುತ್ತದೆ.

ಗಾಯ ಸಣ್ಣದು ಎಂದು ಸುಮ್ಮನಾಗುವುದು ಸರಿಯಲ್ಲ. ಕೀಲಿನ ಹತ್ತಿರ ಬೆರಳುಗುರಿನಷ್ಟು ತೂತಾಗಿದ್ದರೂ ಅದು ತುರ್ತು. ಸೋಂಕು ಕೀಲಿನೊಳಗೆ ಇಳಿದರೆ ಕುದುರೆ ಮತ್ತೆ ಕೆಲಸಕ್ಕೆ ಬರುವುದು ಕಷ್ಟ. ಹಿಂತೊಡೆಯ ಕೆಳಭಾಗದ ಒಳಮಗ್ಗುಲಲ್ಲಿ ಚರ್ಮದ ಅಡಿಗೇ ಮೂಳೆ ಇರುತ್ತದೆ, ತಡೆಯಲು ಮಾಂಸವಿಲ್ಲ. ಅಲ್ಲಿ ಏಟು ಬಿದ್ದರೆ ಮೂಳೆ ಕೂದಲೆಳೆಯಷ್ಟು ಸೀಳಿರಬಹುದು, ಆದರೂ ಕುದುರೆ ನಡೆಯುತ್ತಲೇ ಇರುತ್ತದೆ. ಎರಡು ಮೂರು ದಿನ ಬಿಟ್ಟು ಮಲಗಿ ಏಳುವಾಗ ಪೂರ್ತಿ ಮುರಿದದ್ದುಂಟು. ಆದ್ದರಿಂದ ಎಕ್ಸ್‌ರೇ ಬೇಕೇ ಎಂದು ನೀವೇ ಕೇಳಿ. ಡಾಕ್ಟರ್ ನೋಡುವ ತನಕ ನೋವಿನ ಮಾತ್ರೆ ಕೊಡಬೇಡಿ. ನೋವು ಇಳಿದರೆ ಕುಂಟು ಮರೆಯಾಗುತ್ತದೆ, ಏಟು ಬಿದ್ದ ಕಾಲಿನ ಮೇಲೆ ಕುದುರೆ ಭಾರ ಹಾಕುತ್ತದೆ. ಧನುರ್ವಾಯು ಕುದುರೆಗೆ ಬಹಳ ಬೇಗ ತಗಲುವ ರೋಗ, ಹಿಂದಿನ ಚುಚ್ಚುಮದ್ದಿನ ತಾರೀಖು ಹುಡುಕಿ ಇಟ್ಟುಕೊಳ್ಳಿ.

ಡಾಕ್ಟರ್ ಬರುವುದರೊಳಗೆ ನಾಡಿ ಎಣಿಸಬಹುದು. ದವಡೆಯ ಕೆಳಅಂಚಿನಲ್ಲಿ ಬೆರಳಿಟ್ಟರೆ ಸಿಗುತ್ತದೆ. ಆರಾಮಾಗಿ ನಿಂತ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರುತ್ತದೆ, ಸುಮ್ಮನೆ ನಿಂತಿದ್ದರೂ 60 ದಾಟಿದರೆ ನೋವು ಜೋರಾಗಿದೆ ಎಂದೇ ಅರ್ಥ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ಮೂಳೆ, ಕೀಲಿನ ಏಟಾದರೆ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬೇಕೇ ಎಂದು ಸ್ಥಳೀಯ ಡಾಕ್ಟರನ್ನೇ ಕೇಳಿ. ಅವರು ಹೇಳದೆ ಗಾಡಿ ಹತ್ತಿಸಬೇಡಿ.

ಹಂತ 2: ಅದೇ ದಿನ ಬರೆದಿಡಿ

ಗಾಯ ತೊಳೆಯುವ ಮೊದಲೊಂದು, ತೊಳೆದ ಮೇಲೊಂದು ಫೋಟೊ ತೆಗೆಯಿರಿ. ಗಾಯದ ಪಕ್ಕ ಒಂದು ನಾಣ್ಯ ಹಿಡಿದರೆ ಅಳತೆ ಗೊತ್ತಾಗುತ್ತದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಗೇಟಿನ ಚಿಲಕ, ಬೇಲಿಯಲ್ಲಿ ಸಡಿಲಾದ ತಂತಿ, ಹುರುಳಿ ತೊಟ್ಟಿಗಳ ನಡುವಿನ ಅಂತರ, ಒದ್ದ ಕುದುರೆಯ ಹಿಂಗಾಲಿನ ಲಾಳ ಇವುಗಳ ಫೋಟೊ ಇನ್ನೂ ಮುಖ್ಯ. ಸಂಜೆಯ ಹೊತ್ತಿಗೆ ಯಾರೋ ಚಿಲಕ ರಿಪೇರಿ ಮಾಡಿಸಿಬಿಟ್ಟಿರುತ್ತಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಅದು, ನಿಮ್ಮ ಪುರಾವೆಯೂ ಬಾಗಿಲಾಚೆ ಉಳಿಯುತ್ತದೆ.

ಸೈಸ್ ಏನು ನೋಡಿದ ಎಂದು ಅವನ ಮಾತಿನಲ್ಲೇ ಬರೆದುಕೊಂಡು ಸಹಿ ಹಾಕಿಸಿ. ಅವನನ್ನು ಗದರಿಸಿ ಬರೆಸಬೇಡಿ. ‘ನಂದೇ ತಪ್ಪು ಸಾರ್’ ಎಂದು ಅವನು ಹೆದರಿ ಹೇಳಿದ್ದರಿಂದ ಯಾರಿಗೂ ಉಪಯೋಗವಿಲ್ಲ. ನಂತರ ಇನ್ನೊಬ್ಬ ಮಾಲೀಕರಿಗೂ ಲಾಯದವರಿಗೂ ಒಂದೇ ಸಂದೇಶ ಕಳಿಸಿ:

‘ಸರ್, ನಮಸ್ಕಾರ. ಇವತ್ತು ಬೆಳಿಗ್ಗೆ ಆರೂವರೆಗೆ ಬಯಲಿನಲ್ಲಿ ನಿಮ್ಮ ಕಂದು ಕುದುರೆ ನಮ್ಮ ಬಿಳಿ ಕುದುರೆಗೆ ಒದ್ದಿದೆ. ಎಡ ಹಿಂಗಾಲಿಗೆ ಗಾಯವಾಗಿದೆ. ಡಾಕ್ಟರ್ ಬರುತ್ತಿದ್ದಾರೆ. ಸಾಧ್ಯವಾದರೆ ನೀವೂ ಬಂದು ನೋಡಿ. ಅಲ್ಲಿಯವರೆಗೆ ಎರಡನ್ನೂ ಬೇರೆ ಬೇರೆ ಕಟ್ಟಿಸಿದ್ದೇವೆ.’

ಬೈಗುಳ ಬೇಡ, ‘ಎಲ್ಲಾ ಖರ್ಚೂ ನಿಮ್ಮದೇ’ ಎಂಬ ಧಮಕಿಯೂ ಬೇಡ. ಇತ್ತ ಒದ್ದ ಕುದುರೆಯ ಮಾಲೀಕರಿಗೂ ಒಂದು ಮಾತು: ತಕ್ಷಣ ಬಂದು ನೋಡಿ, ಡಾಕ್ಟರ ಮೊದಲ ಫೀಸು ಬೇಕಾದರೆ ಕೊಡಿ. ‘ಸದ್ಯಕ್ಕೆ ಸಹಾಯಕ್ಕೆಂದು ಕೊಡುತ್ತಿದ್ದೇನೆ, ಹೊಣೆ ಆಮೇಲೆ ಮಾತಾಡೋಣ’ ಎಂದು ಬರೆದು ಕೊಟ್ಟರೆ ತಪ್ಪೊಪ್ಪಿಕೊಂಡಿರಿ ಎಂಬ ವಾದಕ್ಕೆ ಅಷ್ಟು ಬಲ ಇರುವುದಿಲ್ಲ. ಸಂದೇಶವಿರುವ ಫೋನನ್ನು ಮಾರಬೇಡಿ, ಚಾಟ್ ಅಳಿಸಬೇಡಿ. ಅದನ್ನು ಕೋರ್ಟಿಗೆ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ವಿಮೆ ಇದ್ದರೆ ಆ ಕಂಪನಿಗೂ ಅಂದೇ ತಿಳಿಸಿ. ಪಾಲಿಸಿ ಸಾವಿಗೆ ಮಾತ್ರವೋ, ಚಿಕಿತ್ಸೆಗೂ ಉಂಟೋ ಎಂದು ಓದಿ ನೋಡಿ.

ಹಂತ 3: ಹೊಣೆ ಹಂಚುವುದು

ಕುದುರೆ ಸಾಕುಪ್ರಾಣಿ. ಸಾಕುಪ್ರಾಣಿ ಮಾಡಿದ ಹಾನಿಗೆಲ್ಲ ಮಾಲೀಕ ತಾನಾಗಿಯೇ ಹೊಣೆಯಾಗುವುದಿಲ್ಲ. ಆ ಪ್ರಾಣಿಯ ಕೆಟ್ಟ ಚಾಳಿ ಅವರಿಗೆ ಮೊದಲೇ ಗೊತ್ತಿತ್ತು ಎಂದಾದರೆ, ಅಥವಾ ಅವರು ಎಚ್ಚರ ತಪ್ಪಿದ್ದರು ಎಂದು ತೋರಿಸಿದರೆ ಹೊಣೆ ಬರುತ್ತದೆ. ಕುದುರೆ ಎಂದಮೇಲೆ ಒದೆಯುತ್ತದೆ, ಅದು ಬರೀ ಸ್ವಭಾವ. ಇದೇ ಕುದುರೆ ಹಿಂದೆ ಎರಡು ಲಾಯಗಳಲ್ಲಿ ಬೇರೆ ಕುದುರೆಗಳನ್ನು ಕೆಡವಿತ್ತು, ಅದು ಮಾಲೀಕರಿಗೆ ಗೊತ್ತಿತ್ತು ಎಂದರೆ ಅದಕ್ಕೆ ಚಾಳಿ ಎನ್ನಬೇಕು. ಬೇಲಿ ಮುರಿದು ಪಕ್ಕದವರ ಜಮೀನಿಗೆ ನುಗ್ಗಿ ಒದ್ದಿದ್ದರೆ ಲೆಕ್ಕ ಇನ್ನೂ ಬಿಗಿ. ಒಟ್ಟಿಗೆ ಬಾಡಿಗೆ ಕೊಟ್ಟು ನಿಲ್ಲಿಸಿದ ಬಯಲಿಗೆ ಆ ನಿಯಮ ಹೊಂದುವುದಿಲ್ಲ.

ಇಲ್ಲಿ ಮೂರನೆಯವರೊಬ್ಬರಿದ್ದಾರೆ, ಲಾಯ ನಡೆಸುವವರು. ತಿಂಗಳ ಹಣ ಪಡೆದು ಕುದುರೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡರೆ 1872ರ ಭಾರತೀಯ ಕರಾರು ಕಾಯ್ದೆ ಅವರಿಗೆ ಅನ್ವಯಿಸುತ್ತದೆ. ಅದರ 151ನೇ ಕಲಂ ಹೇಳುವುದಿಷ್ಟು: ವಶಕ್ಕೆ ಪಡೆದ ಪರರ ಸ್ವತ್ತನ್ನು, ಸಾಮಾನ್ಯ ವಿವೇಕವುಳ್ಳವನೊಬ್ಬ ತನ್ನದೇ ಸ್ವತ್ತನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಳ್ಳಬೇಕು. ಅಷ್ಟು ಎಚ್ಚರ ವಹಿಸಿಯೂ ಹಾನಿಯಾದರೆ ಅವರು ಹೊಣೆಯಲ್ಲ ಎನ್ನುತ್ತದೆ 152ನೇ ಕಲಂ.

ಅದಕ್ಕೂ ಮುಂಚಿನ 150ನೇ ಕಲಮನ್ನು ಕುದುರೆ ಇಟ್ಟವರೆಲ್ಲ ಓದಬೇಕು. ಒಪ್ಪಿಸುವ ವಸ್ತುವಿನ ದೋಷ ತನಗೆ ಗೊತ್ತಿದ್ದರೆ, ಆ ದೋಷದಿಂದ ಪಡೆದವರಿಗೆ ಅಪಾಯವಿದ್ದರೆ, ಮಾಲೀಕ ಮೊದಲೇ ಹೇಳಬೇಕು. ಹೇಳದಿದ್ದರೆ ಅವರಿಗಾಗುವ ನಷ್ಟ ಮಾಲೀಕನದು. ಕಾಯ್ದೆಯೇ ಕೊಟ್ಟಿರುವ ಉದಾಹರಣೆಯಲ್ಲಿರುವುದೂ ಕುದುರೆಯೇ. ತುಂಟ ಕುದುರೆ ಎಂದು ಗೊತ್ತಿದ್ದೂ ಹೇಳದೆ ಒಬ್ಬ ಇನ್ನೊಬ್ಬನಿಗೆ ಕೊಡುತ್ತಾನೆ, ಅದು ಕಿತ್ತು ಓಡಿ ಸವಾರನನ್ನು ಕೆಡವುತ್ತದೆ, ಕೊಟ್ಟವನೇ ಹೊಣೆ. ಕುದುರೆಯೇ ವಾಹನವಾಗಿದ್ದ ಕಾಲದಲ್ಲಿ ಬರೆದ ಕಾಯ್ದೆಯಲ್ಲಿ ಕುದುರೆ ಸಿಗುವುದು ಆಶ್ಚರ್ಯವಲ್ಲ. ನೂರೈವತ್ತು ವರ್ಷ ದಾಟಿದರೂ ಆ ಉದಾಹರಣೆ ಹೆಬ್ಬೂರಿನ ತೋಟಕ್ಕೆ ನೇರವಾಗಿ ಕೂರುತ್ತದೆ.

ಈಗ ನಮ್ಮ ಬೆಳಗಿನ ಒದೆತಕ್ಕೆ ಬನ್ನಿ. ಅದು ಒದೆಯುವ ಕುದುರೆ ಎಂದು ಮಾಲೀಕರು ಹೇಳದೆ ತಂದು ಕಟ್ಟಿದ್ದರೆ ಹೆಚ್ಚಿನ ಭಾರ ಅವರ ಮೇಲೆ. ‘ಒದೆಯುತ್ತೆ ಸರ್, ಬೇರೆ ಬಿಡಿ’ ಎಂದು ಅವರು ಹೇಳಿದ್ದೂ ಲಾಯದವರು ಒಟ್ಟಿಗೆ ಬಿಟ್ಟಿದ್ದರೆ ಭಾರ ಲಾಯದ ಮೇಲೆ. ಬಂದ ಎರಡನೇ ದಿನವೇ ಹಳೆಯ ಗುಂಪಿಗೆ ನುಗ್ಗಿಸಿದ್ದು, ಮೂರು ಕುದುರೆಗೆ ಎರಡೇ ತೊಟ್ಟಿ ಇಟ್ಟದ್ದು, ಬೆದೆಗೆ ಬಂದ ಹೆಣ್ಣು ಕುದುರೆಯ ಪಕ್ಕ ಬೀಜ ತೆಗೆಯದ ಗಂಡನ್ನು ಬಿಟ್ಟದ್ದು, ಇವೆಲ್ಲ ಲಾಯದ ಎಚ್ಚರಗೇಡಿತನವೇ. ಗಾಯಗೊಂಡ ಕುದುರೆಯ ಮಾಲೀಕರೇ ಯಾರನ್ನೂ ಕೇಳದೆ ಗೇಟು ತೆಗೆದು ಒಳಬಿಟ್ಟಿದ್ದರೆ ಅವರ ಪಾಲೂ ಉಂಟು, ಪರಿಹಾರ ಅಷ್ಟರಮಟ್ಟಿಗೆ ಇಳಿಯುತ್ತದೆ. ಯಾರ ತಪ್ಪೂ ಇಲ್ಲದೆ ಆದದ್ದಾದರೆ ನಷ್ಟ ಬಿದ್ದಲ್ಲೇ ಉಳಿಯುತ್ತದೆ. ಇದನ್ನು ಒಪ್ಪಿಕೊಳ್ಳುವುದೇ ಎಲ್ಲರಿಗೂ ಕಷ್ಟ.

‘ಇಲ್ಲಿ ಬಿಟ್ಟ ಕುದುರೆಗಳಿಗೆ ನಾವು ಜವಾಬ್ದಾರರಲ್ಲ’ ಎಂಬ ಬೋರ್ಡು ಕಂಡು ಹೆದರಬೇಡಿ. ಬೋರ್ಡು ನೇತುಹಾಕಿದ ಮಾತ್ರಕ್ಕೆ ಎಚ್ಚರ ವಹಿಸುವ ಹೊಣೆ ಕಳಚಿಕೊಳ್ಳುವುದಿಲ್ಲ.

ಹಂತ 4: ಲೆಕ್ಕ ಹಾಕುವುದು

ಡಾಕ್ಟರ ಫೀಸು, ಔಷಧಿ, ಎಕ್ಸ್‌ರೇ, ಬೆಂಗಳೂರಿಗೆ ಸಾಗಿಸಿದ ಗಾಡಿ ಬಾಡಿಗೆ, ಚಿಕಿತ್ಸೆಯ ಕಾಲದ ಹೆಚ್ಚುವರಿ ಆರೈಕೆ, ಇವಕ್ಕೆಲ್ಲ ರಸೀದಿ ಇರಲಿ. ಕುದುರೆ ಕುಂಟಾಗಿ ಬೆಲೆ ಇಳಿದರೆ ಆ ವ್ಯತ್ಯಾಸವನ್ನೂ ಕೇಳಬಹುದು, ಅದಕ್ಕೆ ಡಾಕ್ಟರ ಲಿಖಿತ ಅಭಿಪ್ರಾಯ ಬೇಕು. ಮದುವೆ ಕುದುರೆಯಾದರೆ ರದ್ದಾದ ಮೆರವಣಿಗೆಗಳ ಆದಾಯವೂ ಸೇರುತ್ತದೆ. ಮುಂಗಡ ಪಡೆದ ಚೀಟಿ, ಹಿಂದಿರುಗಿಸಿದ ಹಣದ ಯುಪಿಐ ದಾಖಲೆ ಇದ್ದರೆ ಮಾತ್ರ. ‘ಈ ಸೀಸನ್‌ನಲ್ಲಿ ಲಕ್ಷ ದುಡೀತಿತ್ತು’ ಎಂಬ ಬಾಯಿಮಾತು ನಡೆಯುವುದಿಲ್ಲ. ನಷ್ಟ ಹೆಚ್ಚಾಗದಂತೆ ನೋಡಿಕೊಳ್ಳುವುದು ಗಾಯಗೊಂಡ ಕಡೆಯವರ ಕೆಲಸ. ಚಿಕಿತ್ಸೆ ಕೊಡಿಸದೆ ವಾರ ಬಿಟ್ಟು, ಕೀವಾದ ಮೇಲಿನ ಬಿಲ್ಲನ್ನು ಇನ್ನೊಬ್ಬರ ಮೇಲೆ ಹೇರಲಾಗದು.

ಹಂತ 5: ಎಲ್ಲಿ ಬಗೆಹರಿಸುವುದು

ಸಿದ್ಧಗಂಗೆಯಂಥ ದನಗಳ ಜಾತ್ರೆಯಲ್ಲಿ ಒಂದು ಹೋರಿ ಇನ್ನೊಂದಕ್ಕೆ ಹಾಯ್ದರೆ ನಾಲ್ಕು ಜನ ಹಿರಿಯರು ಸೇರಿ ಅಲ್ಲೇ ಮಾತಾಡಿ ಮುಗಿಸಬಲ್ಲರು. ಕುದುರೆ ಲಾಯದಲ್ಲೂ ಮೊದಲು ಅದನ್ನೇ ಪ್ರಯತ್ನಿಸಿ: ಇಬ್ಬರು ಮಾಲೀಕರು, ಲಾಯದವರು, ಸಾಧ್ಯವಾದರೆ ಚಿಕಿತ್ಸೆ ಮಾಡಿದ ಡಾಕ್ಟರ್. ಒಪ್ಪಂದಕ್ಕೆ ಬಂದರೆ ‘ಈ ಘಟನೆಗೆ ಸಂಬಂಧಿಸಿ ಇಷ್ಟು ಹಣ, ಮುಂದೆ ಬಾಕಿ ಏನೂ ಇಲ್ಲ’ ಎಂದು ಬರೆದು ಎಲ್ಲರೂ ಸಹಿ ಹಾಕಿ. ಕುದುರೆಯ ಸ್ಥಿತಿ ಇನ್ನೂ ಸ್ಪಷ್ಟವಾಗದಿದ್ದರೆ ಆ ‘ಬಾಕಿ ಇಲ್ಲ’ ಸಾಲಿಗೆ ಅವಸರ ಮಾಡಬೇಡಿ.

ಆಗದಿದ್ದರೆ ವಕೀಲರ ನೋಟಿಸ್, ಆಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ದಾವೆ ಹೂಡುವ ಮೊದಲೇ ಅಲ್ಲಿ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲ್ಮನವಿ ಇಲ್ಲ. ಸಹಾಯವಾಣಿ 15100. ನನ್ನ ಅಭಿಪ್ರಾಯದಲ್ಲಿ ಇಂಥ ವ್ಯಾಜ್ಯಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸಿವಿಲ್ ದಾವೆಗೆ ಘಟನೆಯಿಂದ ಮೂರು ವರ್ಷದ ಅವಧಿ ಇದೆ. ಲಾಯದ ಸೇವೆಯಲ್ಲಿ ಲೋಪ ಎಂದು ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡೇ ವರ್ಷ. ಮಗಳ ಸವಾರಿ ಕುದುರೆಗೆ ಆ ದಾರಿ ತೆರೆದಿದೆ. ಹತ್ತು ಕುದುರೆ ಇಟ್ಟು ವ್ಯಾಪಾರ ಮಾಡುವವರಿಗೆ ವಾಣಿಜ್ಯ ಉದ್ದೇಶ ಎಂಬ ತಕರಾರು ಎದುರಾಗುತ್ತದೆ, ಸ್ವಂತ ಹೊಟ್ಟೆಪಾಡಿಗೆ ಒಂದು ಮದುವೆ ಕುದುರೆ ಇಟ್ಟವರಿಗೆ ವಿನಾಯಿತಿ ಕೇಳುವ ಅವಕಾಶವಿದೆ.

ಪೊಲೀಸ್ ಠಾಣೆಗೆ? ಬಹುತೇಕ ಬೇಡ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಾಣಿಯ ವಿಷಯದಲ್ಲಿ ತೋರುವ ನಿರ್ಲಕ್ಷ್ಯದ್ದೇ ಆದರೂ, ಅದು ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯದ ಸಂಭವ ಇರುವಾಗಿನದು. ಪ್ರಾಣಿಯನ್ನು ಕೊಂದ, ಊನಗೊಳಿಸಿದ ಅಪರಾಧದ 325ನೇ ಕಲಂ ಬೇಕೆಂದೇ ಕೇಡು ಮಾಡಿದವರಿಗೆ. ಕುದುರೆ ಕುದುರೆಯನ್ನು ಒದ್ದದ್ದು ಸಾಮಾನ್ಯವಾಗಿ ಎರಡರ ವ್ಯಾಪ್ತಿಗೂ ಬಾರದು. ಬಿಡಿಸಲು ಹೋದ ಸೈಸ್‌ಗೆ ಏಟಾಗಿದ್ದರೆ ಮಾತ್ರ ವಿಷಯ ಬೇರೆ, ಮೊದಲು ಅವನ ಆಸ್ಪತ್ರೆ ಖರ್ಚು ನೋಡಿ.

ಹಂತ 6: ಮುಂದಿನದಕ್ಕೆ ಕರಾರು

ಎರಡು ಪುಟ ಸಾಕು, ಇ-ಸ್ಟಾಂಪ್ ಕಾಗದದಲ್ಲಿದ್ದರೆ ಒಳ್ಳೆಯದು. ಮೊದಲ ಪುಟ ಕುದುರೆಯ ಚರಿತ್ರೆ: ಒದೆಯುತ್ತದೆಯೇ, ಕಚ್ಚುತ್ತದೆಯೇ, ಮೇವಿನ ಹೊತ್ತಿಗೆ ಜಗಳವಾಡುತ್ತದೆಯೇ, ಬೀಜ ತೆಗೆಸಿದೆಯೇ, ಕೊನೆಯ ಧನುರ್ವಾಯು ಚುಚ್ಚುಮದ್ದು ಯಾವಾಗ. ಮಾಲೀಕರೇ ತುಂಬಿ ಸಹಿ ಹಾಕಲಿ. ಎರಡನೇ ಪುಟ ಲಾಯದ ನಿಯಮ: ಹೊಸ ಕುದುರೆಯನ್ನು ಮೊದಲ ಕೆಲವು ದಿನ ಬೇಲಿಯ ಆಚೆ ಬದಿಯಲ್ಲಿ ಇಟ್ಟು ಪರಿಚಯ ಮಾಡಿಸುವುದು, ಒಟ್ಟಿಗೆ ಬಿಡುವವುಗಳಿಗೆ ಹಿಂಗಾಲಿನ ಲಾಳ ತೆಗೆಸುವುದು, ಕುದುರೆಗಳಿಗಿಂತ ಒಂದು ತೊಟ್ಟಿ ಹೆಚ್ಚಿಡುವುದು, ಬಯಲಿನ ಇಕ್ಕಟ್ಟಾದ ಮೂಲೆಗಳನ್ನು ಅಡ್ಡಗಟ್ಟುವುದು. ಒದೆಯುವ ಕುದುರೆಯ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟುವ ರೂಢಿ ಸವಾರರಲ್ಲಿದೆ, ನಮ್ಮಲ್ಲೂ ಶುರುಮಾಡಬಹುದು.

ಹೆಚ್ಚಿನ ಕರಾರುಗಳಲ್ಲಿ ಬಿಟ್ಟುಹೋಗುವ ಸಾಲೊಂದಿದೆ. ಮಾಲೀಕರ ಫೋನು ಸಿಗದಿದ್ದಾಗ ಯಾವ ಡಾಕ್ಟರನ್ನು ಕರೆಸಬೇಕು, ಎಷ್ಟು ರೂಪಾಯಿವರೆಗಿನ ಚಿಕಿತ್ಸೆಗೆ ಲಾಯದವರೇ ಒಪ್ಪಿಗೆ ಕೊಡಬಹುದು, ಆ ಹಣವನ್ನು ಮಾಲೀಕರು ಎಷ್ಟು ದಿನದೊಳಗೆ ಹಿಂದಿರುಗಿಸಬೇಕು ಎಂಬುದನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ.